ಗೆರೆಯಿಂದ ಒಂಚೂರು ಆಚೆ

ಕ್ರೇನಿನ ಕ್ಯಾಬಿನ್ನಿನಿಂದ ನೋಡಿದರೆ ಮನುಷ್ಯರ ಮುಖ ಕಾಣುವುದಿಲ್ಲ. ಒಂದು ಹೆಲ್ಮೆಟ್, ಎರಡು ಭುಜ, ಬೂಟಿನ ತುದಿ, ಅಷ್ಟೆ. ಆದರೆ ಯಾರು ಎಲ್ಲಿ ನಿಂತಿದ್ದಾರೆ ಎನ್ನುವುದು ಅಲ್ಲಿಂದ ಕಾಣುವಷ್ಟು ಸರಿಯಾಗಿ ಬೇರೆಲ್ಲಿಂದಲೂ ಕಾಣುವುದಿಲ್ಲ. ನಾವು ಗೆದ್ದೆವು ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಗೆದ್ದದ್ದು ಹೇಗೆ ಎನ್ನುವುದನ್ನು ನಿಧಾನವಾಗಿ ಹೇಳಬೇಕು.

ನಾನು ವಡ್ಡು ಎಂಬ ಊರಿನ ಕಡೆಯ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್. ಹುಟ್ಟಿದ್ದು ಕಂಪ್ಲಿ, ಐಟಿಐ ಮುಗಿಸಿದ್ದು ಹೊಸಪೇಟೆ, ಈಗ ಇರುವುದೂ ಅಲ್ಲೇ. ನಮ್ಮ ಶೆಡ್ಡಿನಲ್ಲಿ ತಲೆಯ ಮೇಲೆ, ಈ ಗೋಡೆಯಿಂದ ಆ ಗೋಡೆಗೆ, ಹಳಿಯ ಮೇಲೆ ಓಡಾಡುವ ಕ್ರೇನಿದೆ. ಅದರ ಕ್ಯಾಬಿನ್ನಿನಲ್ಲಿ ಕುಳಿತು ನಾನು ಕೆಳಗಿನ ಸರಕನ್ನು ಎತ್ತುತ್ತೇನೆ, ಇಳಿಸುತ್ತೇನೆ. ಎಲ್ಲಿ ಎತ್ತಬೇಕು, ಎಲ್ಲಿ ಇಳಿಸಬೇಕು ಎಂದು ಕೆಳಗೆ ನಿಂತು ಒಬ್ಬರು ಕೈಸನ್ನೆ ಮಾಡುತ್ತಾರೆ. ನನಗೆ ಸನ್ನೆ ಕೊಡುತ್ತಿದ್ದವರು ಬಂಡ್ರಿ ಊರಿನವರು, ನನ್ನ ಅಪ್ಪನ ವಯಸ್ಸಿನವರು, ಗುತ್ತಿಗೆಯ ಕೆಲಸಗಾರರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರು ನನ್ನನ್ನು ಮ್ಯಾಲಿನವ್ವ ಎನ್ನುತ್ತಿದ್ದರು.

ಸನ್ನೆಗಳು ಸುಲಭ. ತೋರುಬೆರಳನ್ನು ಮೇಲೆ ಮಾಡಿ ಸುತ್ತಿಸಿದರೆ ಎತ್ತು. ಕೆಳಗೆ ಮಾಡಿ ಸುತ್ತಿಸಿದರೆ ಇಳಿಸು. ಅಂಗೈ ಚಾಚಿ ತಳ್ಳಿದರೆ ಆ ಕಡೆ ಹೋಗು. ಇದೆಲ್ಲ ಒಂದು ಕೈಯ ಕೆಲಸ. ನಿಧಾನ ಬೇಕಾದಾಗ ಎರಡನೇ ಕೈ ಬರುತ್ತದೆ. ಅದನ್ನು ಅಲುಗಾಡಿಸದೆ, ಸನ್ನೆ ಮಾಡುವ ಕೈಯ ಎದುರಿಗೆ ಹಿಡಿಯಬೇಕು. ಒಂದು ಕೈ ಎತ್ತ ಎಂದು ಹೇಳಿದರೆ ಇನ್ನೊಂದು ಎಷ್ಟು ಎಂದು ಹೇಳುತ್ತದೆ.

ಹೆಚ್ಚಿನವರು ಮೊದಲು ಇಳಿಸು ಎನ್ನುತ್ತಾರೆ, ಆಮೇಲೆ ನಿಧಾನ ಎನ್ನುತ್ತಾರೆ. ಕಾಕಾನ ರೂಢಿ ಹಾಗಿರಲಿಲ್ಲ. ಅವರು ನಿಧಾನದ ಕೈಯನ್ನು ಮೊದಲು ಎತ್ತಿ ಹಿಡಿಯುತ್ತಿದ್ದರು. ನಾನು ಅದನ್ನು ನೋಡಿದೆನೆಂದು ಕ್ರೇನಿನ ಗಂಟೆ ಬಾರಿಸಿದ ಮೇಲೆಯೇ ಇನ್ನೊಂದು ಕೈ ಏಳುತ್ತಿತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದು ತಡ ಮಾಡುವ ಆಟ ಎನಿಸಿ ಕೇಳಿದ್ದೆ.

“ಹೆಂಗ ಅನ್ನಾದು ಮೊದ್ಲ ಹೇಳ್ಬೇಕವ್ವ,” ಎಂದಿದ್ದರು. “ಲೋಡು ಜಿಗದ ಮ್ಯಾಲ ಸಾವಕಾಶ ಅಂದ್ರ ಯಾರ್ ಕೇಳ್ತಾರ, ಲೋಡ್ ಕೇಳ್ತತೇನು?”

ಇನ್ನು ಗೆರೆಯ ವಿಷಯ. ಸರಕು ಎತ್ತುವ ಜಾಗದ ಸುತ್ತ ನೆಲದ ಮೇಲೆ ಹಳದಿ ಗೆರೆ ಎಳೆದಿರುತ್ತಾರೆ. ಲೋಡು ಗಾಳಿಯಲ್ಲಿರುವಾಗ ಗೆರೆಯ ಒಳಗೆ ಯಾರೂ ಇರಬಾರದು. ಇದ್ದರೆ ಗೇಟ್‌ಪಾಸ್ ಕಿತ್ತುಕೊಳ್ಳುತ್ತಾರೆ. ಗುತ್ತಿಗೆಯವರಿಗೆ ಗೇಟ್‌ಪಾಸ್ ಹೋಯಿತೆಂದರೆ ಕೆಲಸ ಹೋಯಿತು. ಸುತ್ತಲಿನ ಬೇರೆ ಕಾರ್ಖಾನೆಯವರೂ, ಲೋಡಿನ ಕೆಳಗೆ ನಿಂತವನು ಎಂದು ಗೊತ್ತಾದರೆ, ಒಳಗೆ ಬಿಡುವುದಿಲ್ಲ.

ಅವತ್ತು ಮಧ್ಯಾಹ್ನ ನಾವು ಎತ್ತುತ್ತಿದ್ದದ್ದು ಉದ್ದನೆಯ ಪೈಪುಗಳ ಒಂದು ಕಟ್ಟು. ಎರಡು ಬೆಲ್ಟು ಸುತ್ತಿ, ಕ್ರೇನಿನ ಹುಕ್ಕಿಗೆ ಸಿಕ್ಕಿಸಿ ಎತ್ತಿದ್ದೆವು. ಕಾಕಾ ಶೆಡ್ಡಿನ ಒಂದು ಕಂಬದ ಪಕ್ಕ ನಿಂತಿದ್ದರು. ಎರಡೂ ಬೂಟು ಗೆರೆಯ ಹೊರಗಿದ್ದವು. ಬಲಗಾಲಿನ ಬೂಟಿಗೂ ಹಳದಿ ಬಣ್ಣಕ್ಕೂ ನಡುವೆ ಸಿಮೆಂಟಿನ ನೆಲ ಒಂದು ಪಟ್ಟಿಯಂತೆ ಕಾಣುತ್ತಿತ್ತು. ಆ ಪಟ್ಟಿ ತೆಳ್ಳಗಿತ್ತು, ಆದರೆ ಇತ್ತು. ಅವರ ನಿಧಾನದ ಕೈ ಮೇಲೆದ್ದಿತ್ತು. ನಾನು ಗಂಟೆ ಬಾರಿಸಿದೆ. ಆಮೇಲೆ ಒಂದು ಬೆಲ್ಟು ಹರಿಯಿತು.

ಪೈಪಿನ ಒಂದು ತುದಿ ನೆಲಕ್ಕೆ ಬಡಿದು, ಇಡೀ ಕಟ್ಟು ಬಾಗಿಲು ತೆರೆದಂತೆ ತಿರುಗಿ ಹೊರಕ್ಕೆ ಬಂತು. ಬಂದು ಕಾಕಾನ ಕಾಲಿಗೆ ಹೊಡೆಯಿತು. ಹಿಂದಕ್ಕೆ ತೂಗುವಾಗ ಅವರನ್ನೂ ಎಳೆದುಕೊಂಡು ಹೋಯಿತು. ನಾನು ಕ್ರೇನ್ ನಿಲ್ಲಿಸಿದಾಗ ಅವರು ಗೆರೆಯ ಒಳಗೆ, ಜೋತಾಡುತ್ತಿದ್ದ ಪೈಪುಗಳ ಕೆಳಗೆ ಬಿದ್ದಿದ್ದರು. ಜನ ಓಡಿ ಬಂದು ಅವರನ್ನು ಎತ್ತಿಕೊಂಡು ಹೋಗುವವರೆಗೂ ನಾನು ಆ ಉಳಿದ ಒಂದು ಬೆಲ್ಟಿನಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಇಳಿಯಲು ಹೋದವಳು ಏಣಿಯ ಮೇಲಿನ ಮೆಟ್ಟಿಲಲ್ಲೇ ಕುಳಿತುಬಿಟ್ಟೆ.

ನಮ್ಮ ಸೂಪರ್‌ವೈಸರ್ ಪಕ್ಕದ ಶೆಡ್ಡಿನಿಂದ ಓಡಿ ಬಂದವರು. ಅವರ ಕಣ್ಣಿಗೆ ಬಿದ್ದದ್ದು ಲೋಡಿನ ಕೆಳಗೆ ಬಿದ್ದ ಮನುಷ್ಯ. ಮೇಲಕ್ಕೆ ಕಳಿಸಿದ ವರದಿಯಲ್ಲಿ ಅವರು ಅದನ್ನೇ ಬರೆದರು: ‘ಸ್ಟ್ಯಾಂಡಿಂಗ್ ಅಂಡರ್ ದ ಲೋಡ್.’ ಸುಳ್ಳು ಬರೆಯುವ ಮನುಷ್ಯ ಅವರಲ್ಲ. ಮೊದಲು ಏನಾಯಿತೆಂದು ನೋಡಿದವಳು ನಾನೊಬ್ಬಳೇ.

ಹೊಸಪೇಟೆಯ ಆಸ್ಪತ್ರೆಗೆ ಹೋದಾಗ ಕಾಕಾನ ಕಾಲಿಗೆ ಬಿಳಿ ಪ್ಲಾಸ್ಟರ್ ಹಾಕಿ ಮೇಲೆ ಕಟ್ಟಿದ್ದರು. ಕಾಲಿನ ಮಾತು ಅವರು ಎತ್ತಲಿಲ್ಲ.

“ಮ್ಯಾಲಿನವ್ವ, ನಾ ಎಲ್ಲಿದ್ದೆ ನೀ ನೋಡೀಯಲ್ಲ?”

“ನೋಡೀನಿ ಕಾಕಾ.”

“ಹಂಗಾರ ಸಾಕು,” ಎಂದು ಕಣ್ಣು ಮುಚ್ಚಿಕೊಂಡರು.

ಅವರ ಹೆಂಡತಿ ನನ್ನನ್ನು ವಾರ್ಡಿನ ಹೊರಗೆ ಕರೆದುಕೊಂಡು ಹೋಗಿ ಕೈ ಹಿಡಿದರು. “ಗೆರಿಯಿಂದ ಭಾಳ ದೂರ ಇದ್ರು ಅಂತ ಹೇಳವ್ವ. ಹೆಂಗೂ ಹೇಳಾಕಿ ನೀನ. ಹೇಳಾದು ಹೇಳ್ತಿ, ಚಲೋ ದೂರಾನ ಹೇಳು.” ಮಾತು ಮುಗಿದರೂ ಅವರು ಕೈ ಬಿಡಲಿಲ್ಲ.

ಕಾರ್ಖಾನೆಯಲ್ಲಿ ಬೇರೆ ಮಾತು ನಡೆಯುತ್ತಿತ್ತು. ಕ್ಯಾಂಟೀನಿನಲ್ಲಿ ಜೊತೆಯವರೊಬ್ಬರು ತಟ್ಟೆಯಿಂದ ತಲೆ ಎತ್ತದೆ ಹೇಳಿದರು: “ಅವ್ರ ತಪ್ಪಲ್ಲ ಅಂದ್ರ ತಪ್ಪು ಎಲ್ಲಿಗೆ ಹೋಗ್ತತಿ ಗೊತ್ತೇನು? ಏಣಿ ಏರಿ ಮ್ಯಾಲಕ್ಕ ಬರ್ತತಿ.” ಕ್ಯಾಬಿನ್ನಿನಲ್ಲಿ ಕುಳಿತಿದ್ದವಳು ನಾನು.

ವಿಚಾರಣೆಗೆ ಹೊರಗಿನ ದೊಡ್ಡ ಆಫೀಸಿನಿಂದ ಒಬ್ಬ ಅಧಿಕಾರಿ ಬಂದರು. ಅವರಿಗೆ ಕನ್ನಡ ಬಾರದು. ನನ್ನ ಹಿಂದಿ ಬಸ್ಸಿನಲ್ಲಿ ಸೀಟು ಕೇಳುವಷ್ಟು. ನಾನು ಕನ್ನಡದಲ್ಲಿ ಹೇಳಿದೆ, ಸೂಪರ್‌ವೈಸರ್ ಇಂಗ್ಲಿಷಿಗೆ ತಿರುಗಿಸಿದರು. ನಾನು ಕಂಬ, ಗೆರೆ, ಬೂಟು, ನಡುವಿನ ಸಿಮೆಂಟಿನ ಪಟ್ಟಿ ಎಲ್ಲ ಹೇಳಿ ಮುಗಿಸಿದೆ. ಅವರು ಇಂಗ್ಲಿಷಿನಲ್ಲಿ ಹೇಳಿದ್ದು ಒಂದೇ ಸಣ್ಣ ವಾಕ್ಯ: ಗೆರೆಯ ಹೊರಗೆ ಇದ್ದರಂತೆ. ಅಧಿಕಾರಿ ಹುಬ್ಬೇರಿಸಿ, ಹೊರಗೆ ಇದ್ದವನು ಒಳಗೆ ಹೇಗೆ ಬಂದ ಎಂದು ಕೇಳಿದರು. ಸೂಪರ್‌ವೈಸರ್ ನನ್ನ ಕಡೆ ನೋಡಿದರು, ಪೈಪು ಎಳೆದುಕೊಂಡು ಹೋಯಿತು ಎಂದೆ, ಅದೂ ಎರಡೇ ಪದವಾಗಿ ದಾಟಿತು. ಆ ಕೋಣೆಯಲ್ಲಿ ನನ್ನ ಮಾತು ಸವೆದು ಸವೆದು ಏನೂ ಉಳಿಯಲಿಲ್ಲ. ಮುಂದಿನ ವಾರ ಜಾಗವನ್ನೇ ನೋಡುತ್ತೇನೆ ಎಂದು ಹೇಳಿ ಅಧಿಕಾರಿ ಎದ್ದರು.

ಬಸ್ಸಿನಲ್ಲಿ ಮನೆಗೆ ಬರುವಾಗ ನಿರ್ಧಾರ ಮಾಡಿದೆ. ಮುಂದಿನ ಸಲ ನಾನೇ ಹೇಳಬೇಕು, ಇಂಗ್ಲಿಷಿನಲ್ಲೇ ಹೇಳಬೇಕು.

ನನ್ನ ಅಕ್ಕ ಹಂಪಿಯಲ್ಲಿ ಗೈಡು. ಹೊರದೇಶದವರನ್ನು ಬಿಸಿಲಲ್ಲಿ ಸುತ್ತಿಸಿ ಸುತ್ತಿಸಿಯೇ ಅವಳ ಇಂಗ್ಲಿಷ್ ಹದವಾದದ್ದು. ಭಾನುವಾರ ಅವಳ ಪ್ರವಾಸಿಗರು ಊಟಕ್ಕೆ ಹೋದ ಮೇಲೆ ಇಬ್ಬರೂ ಯಾರೂ ಬಾರದ ಒಂದು ಮುರುಕು ಮಂಟಪದಲ್ಲಿ ಕುಳಿತೆವು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳು ಪಾಠ ಗೀಠ ಏನೂ ಶುರು ಮಾಡಲಿಲ್ಲ. ನೀರಿನ ಬಾಟಲಿಯನ್ನು ಕೈಗೆ ಕೊಟ್ಟು, ಇದು ನಿಮ್ಮ ಕಾಕಾ, ಆ ಕಲ್ಲಿನ ಕಂಬ ನಿಮ್ಮ ಕಂಬ, ನೆಲದಲ್ಲಿನ ಈ ಬಿರುಕು ನಿಮ್ಮ ಗೆರೆ, ಹೇಳು ಎಂದಳು.

ನಾನು ಬಾಟಲಿ ಇಟ್ಟೆ. ಔಟ್‌ಸೈಡ್ ದ ಲೈನ್ ಎಂದೆ.

ಅಕ್ಕ ಎದ್ದು ಹೋಗಿ ಮಂಟಪದ ಹೊರಗೆ, ದಾರಿಯ ಆಚೆ, ಒಂದು ಬಂಡೆಯ ಮೇಲೆ ನಿಂತಳು. ನಾನೂ ಔಟ್‌ಸೈಡ್ ದ ಲೈನೇ ಅಲ್ಲವೇ ಎಂದು ಅಲ್ಲಿಂದಲೇ ಕೂಗಿದಳು. ಬರಿ ಹೊರಗೆ ಅಂದರೆ ಕಂಪ್ಲಿಯೂ ಹೊರಗೇ, ಬೆಂಗಳೂರೂ ಹೊರಗೇ. ಎಷ್ಟು ಹೊರಗೆ?

ಆಮೇಲೆ ಒಂದೊಂದಾಗಿ ಕಲಿತೆ. ಬಾಟಲಿಯನ್ನು ಬಿರುಕಿನ ಅಂಚಿಗೆ ಇಟ್ಟರೆ ಜಸ್ಟ್ ಔಟ್‌ಸೈಡ್ ದ ಲೈನ್. ಎರಡು ಕಂಬದಾಚೆ ಇಟ್ಟರೆ ವೆಲ್ ಔಟ್‌ಸೈಡ್ ದ ಲೈನ್. ಕಂಬಕ್ಕೆ ಬೆನ್ನು ಹಚ್ಚಿ ಇಟ್ಟರೆ ರೈಟ್ ಅಗೇನ್ಸ್ಟ್ ದ ಪಿಲ್ಲರ್, ದೂರವಿಟ್ಟು ಸ್ವಲ್ಪ ಕಂಬದ ಕಡೆಗೆ ಸರಿಸಿದರೆ ಸ್ಲೈಟ್ಲಿ ಟುವರ್ಡ್ಸ್ ದ ಪಿಲ್ಲರ್. ತಲೆಯ ನೇರ ಮೇಲಿನಿಂದ ಒಂದು ಎಲೆ ಬಿದ್ದಾಗ ಅಕ್ಕ ಅದನ್ನೂ ಬಿಡಲಿಲ್ಲ: ಸ್ಟ್ರೇಟ್ ಡೌನ್ ಆನ್ ಟು ದ ಫ್ಲೋರ್. ನಾನು ಉತ್ಸಾಹಕ್ಕೆ ಬಿದ್ದು ವೆರಿ ಅಂಡರ್ ದ ಹುಕ್ ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ವೆರಿ ಅಂಡರ್ ಅಂತ ಇಲ್ಲಲೇ. ಕೆಳಗ ಅಂದ್ರ ಕೆಳಗ, ಅದೇನು ಮಿರ್ಚಿ ಭಜಿ ಖಾರನಾ ಭಾಳ ಕೆಳಗ ಅನ್ನಾಕ? ಸರೀ ಕೆಳಗ ಅನ್ನಾಕ ಅವ್ರು ರೈಟ್ ಅಂತಾರ. ರೈಟ್ ಅಂಡರ್ ದ ಹುಕ್.”

ನನಗೆ ಕಷ್ಟವಾದದ್ದು ಪದಗಳಲ್ಲ, ಅವುಗಳ ಸರದಿ. ಎರಡು ದಿನ ಮೊದಲು ಕಂಪ್ಲಿಯಿಂದ ಅವ್ವ ಫೋನು ಮಾಡಿ ಎಲ್ಲಿದ್ದರು ಅವರು ಎಂದು ಕೇಳಿದಾಗ, “ಗೆರಿಯಿಂದ ಒಂಚೂರ ಆಚಿಗೆ” ಎಂದು ಯೋಚಿಸದೇ ಹೇಳಿದ್ದೆ. ನಮ್ಮಲ್ಲಿ ಮೊದಲು ಗೆರೆಯನ್ನು ತೋರಿಸುತ್ತೇವೆ, ಆಮೇಲೆ ಎಷ್ಟು ಎನ್ನುತ್ತೇವೆ, ಕೊನೆಗೆ ಎತ್ತ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಎಷ್ಟು ಎನ್ನುವುದು ಮೊದಲು ಬರುತ್ತದೆ, ಗೆರೆ ಕೊನೆಗೆ. ನನ್ನ ನಾಲಗೆ ಲೈನ್ ಎಂದು ಮೊದಲೇ ಓಡಿಹೋಗುತ್ತಿತ್ತು. ಆಮೇಲೆ ಔಟ್‌ಸೈಡ್, ಆಮೇಲೆ ಜಸ್ಟ್ ನೆನಪಾಗಿ ಬಾಲದಂತೆ ಸೇರುತ್ತಿತ್ತು. ಹತ್ತಾರು ಸಲ ಹಾಗಾಯಿತು. ಅಕ್ಕನಿಗೂ ಸಾಕಾಗಿ ನೀರು ಕುಡಿದಳು, ಅಂದರೆ ಕಾಕಾನನ್ನೇ ಎತ್ತಿ ಅರ್ಧ ಕುಡಿದುಬಿಟ್ಟಳು.

ಆಗ ನನಗೆ ಕಾಕಾನ ಎರಡನೇ ಕೈ ಕಣ್ಣಿಗೆ ಬಂತು. ಅದು ಮೊದಲು ಏಳುತ್ತಿತ್ತು. ಎಷ್ಟು ಎನ್ನುವ ಕೈ ಮುಂದೆ, ಎತ್ತ ಎನ್ನುವ ಕೈ ಹಿಂದೆ, ಲೋಡು ಎಲ್ಲಕ್ಕಿಂತ ಹಿಂದೆ. ನಾನು ಎದ್ದು ನಿಂತೆ. ಎಡಗೈಯನ್ನು ಅಲುಗಾಡಿಸದೆ ಎತ್ತಿ ಹಿಡಿದು ಜಸ್ಟ್ ಎಂದೆ. ಬಲಗೈ ಹೊರಕ್ಕೆ ಚಾಚಿ ಔಟ್‌ಸೈಡ್ ಎಂದೆ. ಆಮೇಲೆ ಬಿರುಕನ್ನು ತೋರಿಸಿ ದ ಲೈನ್ ಎಂದೆ. ತಪ್ಪಲಿಲ್ಲ. ಕೈಯಿಂದಲೇ ಕಂಬದ ವಾಕ್ಯ ಹೇಳಿದೆ, ಪೈಪಿನ ವಾಕ್ಯ ಹೇಳಿದೆ. ಒಂದೂ ತಪ್ಪಲಿಲ್ಲ. ನಾನು ಅಷ್ಟು ವರ್ಷ ಕ್ಯಾಬಿನ್ನಿನಲ್ಲಿ ಕುಳಿತು ಓದುತ್ತಿದ್ದ ಭಾಷೆಯ ಸರದಿ ಇದೇ ಆಗಿತ್ತು. ಮಂಟಪದಲ್ಲಿ ಟ್ರಾಫಿಕ್ ಪೊಲೀಸಿನಂತೆ ಕೈ ಆಡಿಸುತ್ತಿದ್ದ ನನ್ನನ್ನು ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ನನಗೆ ನಾಚಿಕೆಯಾಗಲಿಲ್ಲ.

ಹೊರಡುವ ಮೊದಲು ಅಕ್ಕ ಬಾಟಲಿಯನ್ನು ಎತ್ತಿ ದೂರದ ಕಂಬದ ಹತ್ತಿರ ಇಟ್ಟಳು. “ಹಿಂಗ ಹೇಳಿದ್ರ ಅವ್ರಿಗೆ ಇನ್ನೂ ಚಲೋ ಅಲ್ಲೇನು? ಜಸ್ಟ್ ಬದ್ಲಿ ವೆಲ್. ಕೇಳಾವ್ರು ಯಾರು?”

ಕಾಕಾನ ಹೆಂಡತಿಯ ಕೈ ಇನ್ನೂ ನನ್ನ ಕೈ ಹಿಡಿದಂತಿತ್ತು. ನಾನು ಹೋಗಿ ಬಾಟಲಿ ತಂದು ಬಿರುಕಿನ ಪಕ್ಕದಲ್ಲೇ ಇಟ್ಟೆ.

“ಅಲ್ಲಿರ್ಲಿಲ್ಲ ಅಕ್ಕ.”

ಅವಳು ಬಾಟಲಿಯನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು.

ಅಧಿಕಾರಿ ಬಂದ ದಿನ ಶೆಡ್ಡಿನ ಕೆಲಸ ನಿಲ್ಲಿಸಿದ್ದರು. ಸೂಪರ್‌ವೈಸರ್ ನನ್ನ ಪಕ್ಕ ಬಂದು ನಿಂತರು. ಈ ಸಲ ನಾನೇ ಹೇಳುತ್ತೇನೆ ಸರ್ ಎಂದೆ. ಅವರು ತಮ್ಮ ವಾಕಿಟಾಕಿಯನ್ನು ಅಧಿಕಾರಿಯ ಕೈಗೆ ಕೊಟ್ಟು ಹಿಂದೆ ಸರಿದರು. ನಾನು ಕ್ಯಾಬಿನ್ನಿಗೆ ಹೋಗಿ ಹೇಳುತ್ತೇನೆ, ಅಲ್ಲಿಂದಲೇ ನಾನು ನೋಡಿದ್ದು ಎಂದು ಇಂಗ್ಲಿಷಿನಲ್ಲಿ ಅಧಿಕಾರಿಗೆ ಹೇಳಿದೆ. ಅದು ನನ್ನ ಮೊದಲ ವಾಕ್ಯ. ಅದು ಸರಿ ಇತ್ತೋ ಇಲ್ಲವೋ ಗೊತ್ತಿಲ್ಲ, ಅವರು ತಲೆಯಾಡಿಸಿದರು.

ಅಪಘಾತ ಆದಾಗಿನಿಂದ ನಾನು ಆ ಏಣಿ ಹತ್ತಿರಲಿಲ್ಲ. ಹತ್ತಿದೆ. ಕುಳಿತೆ. ಕೆಳಗೆ ಅಧಿಕಾರಿಯ ಹೆಲ್ಮೆಟ್ಟು, ಎರಡು ಭುಜ, ಕೈಯಲ್ಲಿ ರಸ್ತೆಯ ಮೇಲೆ ಇಡುವಂಥ ಒಂದು ಕೆಂಪು ಕೋನು. ಅದರ ತುದಿಯ ಮೇಲೆ ಇನ್ನೊಂದು ಹೆಲ್ಮೆಟ್ ಕೂರಿಸಿದ್ದರು. ಅದು ಕಾಕಾ. ಅಷ್ಟು ವರ್ಷ ಅವರು ಕೆಳಗಿನಿಂದ ನನಗೆ ಹೇಳಿದ್ದರು. ಅವತ್ತು ನಾನು ಮೇಲಿನಿಂದ ಹೇಳಬೇಕಿತ್ತು. ಬಲಗೈಯಲ್ಲಿ ಕ್ಯಾಬಿನ್ನಿನ ವಾಕಿಟಾಕಿ ಹಿಡಿದು, ಯಾರೂ ನೋಡದಿದ್ದರೂ ಎಡಗೈ ಎತ್ತಿ ಹಿಡಿದುಕೊಂಡೆ.

“ನಾಟ್ ರೈಟ್ ಅಗೇನ್ಸ್ಟ್ ದ ಪಿಲ್ಲರ್, ಸರ್.” ಕೋನು ಕಂಬದಿಂದ ದೂರ ಸರಿಯಿತು. ದೂರ ಹೆಚ್ಚಾಯಿತು. “ಸ್ಲೈಟ್ಲಿ ಟುವರ್ಡ್ಸ್ ದ ಪಿಲ್ಲರ್.” ಹತ್ತಿರ ಬಂತು. ಅಲ್ಲೇ ಎಂದೆ. “ನೌ ಜಸ್ಟ್ ಔಟ್‌ಸೈಡ್ ದ ಲೈನ್.”

ಅಧಿಕಾರಿ ಕೋನನ್ನು ಗೆರೆಯಾಚೆ ಇಟ್ಟು ತಲೆ ಮೇಲೆತ್ತಿದರು. ವಾಕಿಟಾಕಿಯಲ್ಲಿ ಅವರ ದನಿ ನಿಧಾನವಾಗಿ ಬಂತು. “ಜಸ್ಟ್ ಔಟ್‌ಸೈಡ್? ಆರ್ ವೆಲ್ ಔಟ್‌ಸೈಡ್?”

ಅವರೇ ಬಾಗಿಲು ತೆರೆದು ಕೊಟ್ಟಿದ್ದರು. ವೆಲ್ ಎಂದಿದ್ದರೆ ಸಾಕಿತ್ತು. ವಾಕಿಟಾಕಿಯ ಗುಂಡಿ ಮತ್ತೆ ಒತ್ತಿದೆ.

“ನಾಟ್ ವೆಲ್ ಔಟ್‌ಸೈಡ್, ಸರ್. ಜಸ್ಟ್ ಔಟ್‌ಸೈಡ್.”

ಅವರು ಬಗ್ಗಿ ಕೋನನ್ನು ಒಂದಿಷ್ಟು ಒಳಕ್ಕೆ ಎಳೆದರು. ನನಗೆ ಆ ಸಿಮೆಂಟಿನ ಪಟ್ಟಿ ಕಾಣಿಸಿತು. ತೆಳ್ಳಗೆ, ಅವತ್ತು ಕಂಡ ಹಾಗೆಯೇ. ಅಲ್ಲೇ ಬಿಡಿ ಎಂದೆ.

ಆಮೇಲಿನದ್ದು ನಾನು ಕೇಳಿಕೊಂಡದ್ದಲ್ಲ, ಅಧಿಕಾರಿಯೇ ಮಾಡಿಸಿದ್ದು. ಅದೇ ಅಳತೆಯ ಪೈಪಿನ ಕಟ್ಟಿಗೆ ಹೊಸ ಬೆಲ್ಟು ಹಾಕಿಸಿದರು. ಎಲ್ಲರನ್ನೂ ದೂರ ನಿಲ್ಲಿಸಿ, ಕಟ್ಟನ್ನು ನೆಲದಿಂದ ಮೊಣಕಾಲೆತ್ತರಕ್ಕೆ ಮಾತ್ರ ಎತ್ತಿಸಿದರು. ಒಂದು ತುದಿಗೆ ಉದ್ದನೆಯ ಹಗ್ಗ ಕಟ್ಟಿ, ದೂರದಿಂದ ಎಳೆದು, ಅವತ್ತು ತಿರುಗಿದ ಹಾಗೆ ತಿರುಗಿಸಲು ಹೇಳಿದರು. ಎತ್ತಿದವಳು ನಾನೇ. ಗಂಟೆ ಬಾರಿಸಿ ಎತ್ತಿದೆ.

ಪೈಪು ನಿಧಾನವಾಗಿ ತಿರುಗಿತು. ತುದಿ ಹಳದಿ ಗೆರೆಯ ಮೇಲೆ ಬಂತು. ಗೆರೆ ದಾಟಿತು. ಗೆರೆ ದಾಟುತ್ತದೆ ಎಂದು ಕೆಳಗಿದ್ದವರಲ್ಲಿ ಯಾರೂ ಎಣಿಸಿರಲಿಲ್ಲ. ಅಷ್ಟೂ ಹೆಲ್ಮೆಟ್ಟುಗಳು ಒಮ್ಮೆಲೇ ಮುಂದೆ ಬಾಗಿದ್ದು ನನಗೆ ಮೇಲಿನಿಂದ ಕಂಡಿತು. ಪೈಪಿನ ತುದಿ ಕೋನಿಗೆ ತಾಗಿತು. ಕೋನು ಬಿತ್ತು. ಅದರ ಮೇಲಿದ್ದ ಹೆಲ್ಮೆಟ್ಟು ನೆಲಕ್ಕೆ ಬಿದ್ದು, ಉರುಳಿ ಉರುಳಿ ಗೆರೆಯ ಒಳಗೆ ಹೋಗಿ, ಪೈಪಿನ ಕೆಳಗೆ ನಿಂತಿತು.

ನಾನು ಕ್ಯಾಬಿನ್ನಿನಲ್ಲಿ ಕುಳಿತು ಅಳುತ್ತಿದ್ದೆ, ನಗುತ್ತಲೂ ಇದ್ದೆ.

ಅಧಿಕಾರಿ ಅಷ್ಟಕ್ಕೇ ಬಿಡಲಿಲ್ಲ. ಕೋನನ್ನು ಎತ್ತಿ ಗೆರೆಯಿಂದ ಸಾಕಷ್ಟು ದೂರ ಇಟ್ಟು ಮತ್ತೊಮ್ಮೆ ತಿರುಗಿಸಲು ಹೇಳಿದರು. ಪೈಪು ಮತ್ತೆ ಗೆರೆ ದಾಟಿತು, ಆದರೆ ಕೋನಿಗೆ ತಾಗಲಿಲ್ಲ. ನಡುವೆ ಒಬ್ಬ ಮನುಷ್ಯ ಮಲಗುವಷ್ಟು ಜಾಗ ಉಳಿಯಿತು. ನಾನು ವೆಲ್ ಎಂದಿದ್ದರೆ ಕೋನು ಅಲ್ಲಿರುತ್ತಿತ್ತು. ಅಲ್ಲಿದ್ದವನಿಗೆ ಪೈಪು ಹೊಡೆಯಲು ಸಾಧ್ಯವೇ ಇಲ್ಲ, ಹಾಗಾಗಿ ಅವನು ಒಳಗೇ ಇದ್ದ ಎಂದಾಗುತ್ತಿತ್ತು. ದೂರ ಹೇಳಿದ್ದರೆ ಕಾಕಾನನ್ನು ನಾನೇ ಲೋಡಿನ ಕೆಳಗೆ ನಿಲ್ಲಿಸಿದಂತಾಗುತ್ತಿತ್ತು.

ನಾನು ಇಳಿದು ಬಂದಾಗ ಅಧಿಕಾರಿ ಹೆಚ್ಚೇನೂ ಹೇಳಲಿಲ್ಲ. ನೀನು ಸರಿಯಾಗಿ ನೋಡಿದ್ದೀಯ, ಸರಿಯಾಗಿ ಹೇಳಿದ್ದೀಯ ಎಂದರು. ಹರಿದ ಬೆಲ್ಟನ್ನು ಅವರು ಆಗಲೇ ನೋಡಿಯಾಗಿತ್ತು. ಅದು ಎಂದೋ ತೆಗೆದುಹಾಕಬೇಕಾದ ಬೆಲ್ಟು. ತಪ್ಪು ಏಣಿ ಏರಿ ಮೇಲಕ್ಕೆ ಬರಲಿಲ್ಲ. ಗೆರೆಯೂ ತಪ್ಪಿತ್ತು. ಮೊದಲು ಆ ಶೆಡ್ಡಿನಲ್ಲಿ ಗಿಡ್ಡನೆಯ ಸರಕು ಮಾತ್ರ ಎತ್ತುತ್ತಿದ್ದರು, ಅದಕ್ಕೆ ತಕ್ಕಂತೆ ಎಳೆದ ಗೆರೆ ಅದು. ಪೈಪು ಬಂದ ಮೇಲೆ ಯಾರೂ ಅದನ್ನು ಸರಿಸಿರಲಿಲ್ಲ. ಹೊಸ ವರದಿಯಲ್ಲಿ ಅಂಡರ್ ದ ಲೋಡ್ ಇರಲಿಲ್ಲ, ಜಸ್ಟ್ ಔಟ್‌ಸೈಡ್ ದ ಲೈನ್ ಎಂದಿತ್ತು. ಸೂಪರ್‌ವೈಸರ್ ತಾವೇ ಬಂದು ನನಗೆ ಆ ವಾಕ್ಯ ಓದಿ ಹೇಳಿದರು, ಎರಡು ಸಲ. ಎರಡನೇ ಸಲ ಜಸ್ಟ್ ಎನ್ನುವಲ್ಲಿ ಸ್ವಲ್ಪ ಹೊತ್ತು ನಿಂತು ಓದಿದರು.

ಅವತ್ತು ಸಂಜೆಯ ಬಸ್ಸಿನಲ್ಲಿ ನಾನು ಹೊಸಪೇಟೆಯವರೆಗೂ ನಿಂತೇ ಬಂದೆ. ಸೀಟು ಖಾಲಿ ಇತ್ತು. ಕೂರಲು ಆಗಲಿಲ್ಲ. ಆಸ್ಪತ್ರೆಗೆ ಹೋದಾಗ ಕಾಕಾನ ಹೆಂಡತಿ ಬಾಗಿಲಲ್ಲೇ ಎದುರಾದರು. ಗೇಟ್‌ಪಾಸ್ ಉಳಿಯಿತು ಎಂದೆ. ಅವರು, ದೂರ ಅಂತ ಹೇಳಿದ್ಯಾ ಎಂದು ಕೇಳಿದರು. ಇಲ್ಲ, ಇದ್ದಷ್ಟೇ ಹೇಳಿದೆ ಎಂದೆ. ಅವರು ನನ್ನ ಕೈಯನ್ನು ಮತ್ತೆ ಹಿಡಿದುಕೊಂಡರು. ಈ ಸಲ ಏನೂ ಕೇಳಲಿಲ್ಲ.

ಕಾಕಾ ಕೆಲಸಕ್ಕೆ ಮರಳಿದಾಗ ಶೆಡ್ಡಿನಲ್ಲಿ ಹೊಸ ಗೆರೆ ಬಂದಿತ್ತು. ಹಳೆಯ ಗೆರೆಯನ್ನು ಉಜ್ಜಿ ತೆಗೆದರೂ ಅದರ ಮಸುಕು ನೆಲದಲ್ಲಿ ಉಳಿದಿತ್ತು. ಅವರು ಸ್ವಲ್ಪ ಕುಂಟುತ್ತಾ ಬಂದು ಹೊಸ ಗೆರೆಯ ಆಚೆ ನಿಂತರು. ಅಕ್ಕನ ಮಂಟಪದ ಪಾಠವನ್ನು ನಾನು ಅವರಿಗೆ ಹೇಳಿದ್ದೆ. ವಾಕಿಟಾಕಿಯಲ್ಲಿ ಅವರ ದನಿ ಬಂತು.

“ಮ್ಯಾಲಿನವ್ವ, ಈಗ ನಾ ಹೆಂಗದೀನಿ ಹೇಳು. ಜಸ್ಟೋ ವೆಲ್ಲೋ?”

“ವೆಲ್ ಕಾಕಾ,” ಎಂದೆ. “ಈಗ ವೆಲ್.”

ಅವರು ಮೇಲೆ ನೋಡಿದರು. ಒಮ್ಮೆ ಮಾತ್ರ, ಹೆಲ್ಮೆಟ್ಟಿನ ಅಂಚಿನ ಕೆಳಗೆ ಅವರ ಮುಖ ಪೂರ್ತಿ ಕಂಡಿತು. ಆಮೇಲೆ ಎರಡನೇ ಕೈಯನ್ನು ಮೊದಲು ಎತ್ತಿ ಹಿಡಿದು ಕಾದರು. ನಾನು ಗಂಟೆ ಬಾರಿಸಿದೆ.